ಕಣ್ಣಿಗೆ ಕಾಣದ್ದಕ್ಕೇ ಮೊದಲ ದುಡ್ಡು

ಹಳೆಯ ಅಮೆರಿಕನ್ ಮಸಲ್ ಕಾರಿನ ಎಂಜಿನ್ ಇಳಿಸಿದ ದಿನವೇ ಬಹಳಷ್ಟು ಮಂದಿ ಬಿಡಿಭಾಗಗಳ ಕ್ಯಾಟಲಾಗ್ ಹಿಡಿದು ಕೂರುತ್ತಾರೆ. ದೊಡ್ಡ ಕಾರ್ಬುರೇಟರ್, ಬಿರುಸಾದ ಕ್ಯಾಮ್‌ಶಾಫ್ಟ್, ಫಳಫಳ ಹೊಳೆಯುವ ಮ್ಯಾನಿಫೋಲ್ಡ್. ಬಾನೆಟ್ ಎತ್ತಿದರೆ ಕಾಣುವುದು ಇವೇ ತಾನೆ! ಲೇತ್ ಕೆಲಸದ ಸರದಿ ಬರುವಷ್ಟರಲ್ಲಿ ಕೈ ಖಾಲಿಯಾಗಿರುತ್ತದೆ. ಇದು ತಿರುಗುಮುರುಗಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆಂದು ಹೇಳಲು ನನಗೆ ಬಹಳ ಪ್ರಿಯವಾದ ಎಂಜಿನ್ನನ್ನೇ ತೆಗೆದುಕೊಳ್ಳುತ್ತೇನೆ: 1967ರ ಪಾಂಟಿಯಾಕ್ ಜಿಟಿಒದ 400 ವಿ8.

ಹಿನ್ನೆಲೆ ಇಷ್ಟು. ಮಧ್ಯಮ ಗಾತ್ರದ ಕಾರುಗಳಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಕೂಡದೆಂದು ಜನರಲ್ ಮೋಟಾರ್ಸ್ ಕಟ್ಟಳೆ ಹಾಕಿತ್ತು. ಜಾನ್ ಡಿಲೋರಿಯನ್ ಮತ್ತು ಅವರ ಎಂಜಿನಿಯರುಗಳು 1964ರಲ್ಲಿ ಪಾಂಟಿಯಾಕ್ ಟೆಂಪೆಸ್ಟ್ ಕಾರಿಗೆ 389 ಎಂಜಿನ್ನನ್ನು 'ಐಚ್ಛಿಕ' ಎಂಬ ಹೆಸರಿನಲ್ಲಿ ಕೂರಿಸಿ ಆ ಕಟ್ಟಳೆಯನ್ನು ದಾಟಿದರು. ಜಿಟಿಒ ಹುಟ್ಟಿದ್ದು ಹಾಗೆ. 1967ರಲ್ಲಿ ಅದೇ ಎಂಜಿನ್ನಿನ ಬೋರ್ ಹಿಗ್ಗಿಸಿ 400 ಮಾಡಿದರು. ನಮ್ಮ ಲೆಕ್ಕದಲ್ಲಿ 6.6 ಲೀಟರ್. ಕಂಪನಿ ಹೇಳಿದ ಶಕ್ತಿ 335 ಅಶ್ವಶಕ್ತಿ, ಟಾರ್ಕ್ 441 ಪೌಂಡ್-ಅಡಿ. ಅಷ್ಟೂ ಟಾರ್ಕ್ ಸಿಗುತ್ತಿದ್ದುದು 3,400 ಆರ್‌ಪಿಎಂನಲ್ಲಿ. ಈ ಎಂಜಿನ್ನಿನ ಗುಣ ಇರುವುದು ಇಲ್ಲೇ. ಇದು ಚೀರಾಡುವ ಎಂಜಿನ್ ಅಲ್ಲ, ತಳದಿಂದ ಎಳೆಯುವ ಎಂಜಿನ್. ಸುಧಾರಣೆಯ ಹೆಸರಿನಲ್ಲಿ ಬಿರುಸಾದ ಕ್ಯಾಮ್ ಹಾಕಿ ಇದನ್ನು 6,500 ಆರ್‌ಪಿಎಂವರೆಗೆ ಓಡಿಸಲು ಹೊರಟವರು ಇದರ ಸ್ವಭಾವವನ್ನೇ ಕೆಡಿಸುತ್ತಾರೆ.

ಮೇಲಾಗಿ ಆ ವೇಗಕ್ಕೆ ಒಳಗಿನ ಮೂಲ ರಾಡುಗಳು ತಡೆಯುವುದಿಲ್ಲ. ಪಾಂಟಿಯಾಕ್ ಆಗ ಹಾಕುತ್ತಿದ್ದುದು ಎರಕದ ಕನೆಕ್ಟಿಂಗ್ ರಾಡುಗಳು. ಐವತ್ತು ಅರವತ್ತು ವರ್ಷ ದುಡಿದ ಎರಕದ ರಾಡು ವೇಗದಲ್ಲಿ ಮುರಿದರೆ ಬ್ಲಾಕಿನ ಗೋಡೆಯನ್ನೇ ಒಡೆದು ಹೊರಬರುತ್ತದೆ; ಮೂಲ ನಂಬರಿನ ಬ್ಲಾಕ್ ಹೋದರೆ ಹೋಯಿತು. ಆದ್ದರಿಂದ ಮೊದಲ ದುಡ್ಡು ಫೋರ್ಜ್ಡ್ ರಾಡುಗಳಿಗೆ. ಇದರಲ್ಲಿ ನಾನು ಚೌಕಾಸಿ ಒಪ್ಪುವುದಿಲ್ಲ.

ರಾಡು ಬದಲಿಸುವುದೇ ಆದರೆ ಕ್ರ್ಯಾಂಕ್ ಕೂಡ ಯಾಕಾಗಬಾರದು? ಪಾಂಟಿಯಾಕ್‌ನ ಸೊಗಸು ಇಲ್ಲಿ ತೆರೆದುಕೊಳ್ಳುತ್ತದೆ. ಷೆವರ್ಲೆಯಂತೆ ಇದರಲ್ಲಿ ಸ್ಮಾಲ್ ಬ್ಲಾಕ್, ಬಿಗ್ ಬ್ಲಾಕ್ ಎಂಬ ಭೇದವಿಲ್ಲ. 326 ಇರಲಿ, 455 ಇರಲಿ, ಹೊರಗಿನ ಆಕಾರ ಒಂದೇ. 400ರ ಸ್ಟ್ರೋಕ್ 3.75 ಇಂಚು. ಅದೇ ಬ್ಲಾಕಿಗೆ, ಅದೇ 3 ಇಂಚಿನ ಮೇನ್ ಜರ್ನಲ್‌ಗೆ ಹೊಂದುವ 4.25 ಇಂಚು ಸ್ಟ್ರೋಕಿನ ಹೊಸ ಕ್ರ್ಯಾಂಕ್ ಈಗ ಸಿಗುತ್ತದೆ. ಸವೆದ ಸಿಲಿಂಡರನ್ನು 4.155 ಇಂಚಿಗೆ ಬೋರ್ ಮಾಡಿಸಿ ಇದನ್ನು ಕೂರಿಸಿದರೆ 461 ಕ್ಯೂಬಿಕ್ ಇಂಚು, ಅಂದರೆ ಏಳೂವರೆ ಲೀಟರ್. ಹೊರಗಿನಿಂದ ನೋಡಿದವರಿಗೆ ಅದೇ ನೀಲಿ ಬಣ್ಣದ 400!

ಆದರೆ ಸ್ಟ್ರೋಕ್ ಉದ್ದವಾದ ಕೂಡಲೇ ಕಂಪ್ರೆಷನ್ ಏರುತ್ತದೆ. ಕಾರ್ಖಾನೆಯಿಂದ ಬಂದಾಗಲೇ ಅದು 10.75 ಇತ್ತು. ಆ ಕಾಲದ ಸೀಸ ಬೆರೆಸಿದ ಪ್ರೀಮಿಯಂ ಪೆಟ್ರೋಲ್ ಅದನ್ನು ತಾಳಿಕೊಳ್ಳುತ್ತಿತ್ತು. ಈಗ ಅಮೆರಿಕದ ಬಂಕುಗಳಲ್ಲಿ ಸಿಗುವ ಪ್ರೀಮಿಯಂ ಪೆಟ್ರೋಲಿನಲ್ಲಿ, ಕಬ್ಬಿಣದ ಹೆಡ್ ಉಳಿಸಿಕೊಂಡರೆ, 9.5ರ ಆಸುಪಾಸು ನಿಲ್ಲಿಸುವುದು ಕ್ಷೇಮ. ಇಲ್ಲದಿದ್ದರೆ ಪಿಸ್ಟನ್ ಮೇಲೆ ನಾಕಿಂಗ್ ಶುರು. ಲೆಕ್ಕ ಹಾಕಿ ನೋಡಿ. 461ರಲ್ಲಿ ಒಂದೊಂದು ಸಿಲಿಂಡರಿನ ಪಿಸ್ಟನ್ ಗುಡಿಸುವ ಜಾಗ 944 ಸಿಸಿ. ಅನುಪಾತ 9.5 ಆಗಬೇಕಾದರೆ ಪಿಸ್ಟನ್ ತುತ್ತತುದಿಗೆ ಬಂದಾಗ ಮೇಲೆ 111 ಸಿಸಿ ಉಳಿಯಬೇಕು. 1967ರ ಪ್ರಸಿದ್ಧ 670 ಹೆಡ್‌ನ ಕೋಣೆ ಸುಮಾರು 72 ಸಿಸಿ. ಬಾಕಿ 39 ಸಿಸಿಯನ್ನು ಗ್ಯಾಸ್ಕೆಟ್ಟಿನ ದಪ್ಪ ಒಂದಿಷ್ಟು ಕೊಡುತ್ತದೆ, ಉಳಿದದ್ದು ಪಿಸ್ಟನ್ ತಲೆಯ ಗುಳಿಯಿಂದಲೇ ಬರಬೇಕು. ಪಿಸ್ಟನ್ ಆರ್ಡರ್ ಮಾಡುವ ಮುಂಚೆ ಬ್ಯುರೆಟ್ಟಿನಲ್ಲಿ ದ್ರವ ತುಂಬಿ ಎಂಟೂ ಕೋಣೆಗಳನ್ನು ಅಳೆಯಿರಿ. ಯಾವತ್ತೋ ಯಾರೋ ಹೆಡ್ ಫೇಸಿಂಗ್ ಮಾಡಿಸಿದ್ದರೆ ಪುಸ್ತಕದ ಲೆಕ್ಕ ಅಲ್ಲೇ ತಪ್ಪುತ್ತದೆ. ಸೀಸ ಹೋದದ್ದರ ಇನ್ನೊಂದು ಪರಿಣಾಮ ಎಕ್ಸಾಸ್ಟ್ ವಾಲ್ವ್ ಸೀಟಿನ ಸವೆತ. ಹೆಡ್ ಹೇಗೂ ಕೆಲಸಕ್ಕೆ ಹೋಗಿರುತ್ತದೆ, ಗಟ್ಟಿ ಸೀಟು ಆಗಲೇ ಹಾಕಿಸಿಬಿಡಿ.

ಬೋರ್ ಮಾಡುವ ರೀತಿಯಲ್ಲೂ ಒಂದು ಸೂಕ್ಷ್ಮವಿದೆ. ಹೆಡ್ ಬೋಲ್ಟುಗಳನ್ನು 95 ಪೌಂಡ್-ಅಡಿಗೆ ಬಿಗಿದಾಗ ಸಿಲಿಂಡರಿನ ದುಂಡು ಅಷ್ಟಿಷ್ಟು ಸೊಟ್ಟಗಾಗುತ್ತದೆ. ಬಿಡಿ ಬ್ಲಾಕಿನಲ್ಲಿ ದುಂಡಗೆ ಹೋನ್ ಮಾಡಿದ್ದು ಹೆಡ್ ಕೂತ ಮೇಲೆ ದುಂಡಗಿರುವುದಿಲ್ಲ. ಅದಕ್ಕೇ ಒಳ್ಳೆಯ ಮಷೀನ್ ಶಾಪಿನವರು ಹೆಡ್‌ನ ಜಾಗದಲ್ಲಿ ದಪ್ಪನೆಯ ಟಾರ್ಕ್ ಪ್ಲೇಟ್ ಬಿಗಿದು ಆಮೇಲೆ ಹೋನ್ ಮಾಡುತ್ತಾರೆ. ಪ್ಲೇಟ್ ಇದೆಯೇ ಎಂದು ಕೇಳಿ. ಇಲ್ಲ ಎಂದರೆ ಬೇರೆ ಶಾಪ್ ನೋಡಿ.

ಮಿಶಿಗನ್ನಿನಲ್ಲಿ ಗೆಳೆಯರೊಬ್ಬರ ಗ್ಯಾರೇಜಿನಲ್ಲಿ ಇಂಥದೇ ಎಂಜಿನ್ ಬಿಚ್ಚಿದಾಗ ನಾನೂ ಜೊತೆಗಿದ್ದೆ. ಆಯಿಲ್ ಪ್ಯಾನ್ ಇಳಿಸಿದರೆ ತಳದ ಗಸಿಯಲ್ಲಿ ಕಂದು ಬಣ್ಣದ, ಉಗುರಿನಷ್ಟು ಚಿಕ್ಕ ಚೂರುಗಳು. ಬೆರಳಲ್ಲಿ ಅದುಮಿದರೆ ಪುಡಿ. ಕ್ಯಾಮ್‌ನ ಟೈಮಿಂಗ್ ಗೇರಿಗೆ ಪಾಂಟಿಯಾಕ್ ನೈಲಾನ್ ಹಲ್ಲು ಹಾಕುತ್ತಿತ್ತು, ಸದ್ದು ಕಡಿಮೆಯಾಗಲೆಂದು. ಬಿಸಿಗೆ ನೈಲಾನ್ ಒಣಗಿ ಉದುರುತ್ತದೆ, ಉದುರಿದ್ದು ಆಯಿಲ್ ಪಂಪಿನ ಜಾಲರಿಗೆ ಅಂಟುತ್ತದೆ, ಬೇರಿಂಗುಗಳು ಎಣ್ಣೆಯಿಲ್ಲದೆ ಸಾಯುತ್ತವೆ. ಉಕ್ಕಿನ ಗೇರು, ಡಬಲ್ ರೋಲರ್ ಚೈನು ಹಾಕಿದರೆ ಆ ಭಯ ಮುಗಿಯಿತು.

ಕ್ರ್ಯಾಂಕಿನ ಹಿಂತುದಿಯ ಸೀಲ್ ಆಗ ರಬ್ಬರಲ್ಲ, ದೀಪದ ಬತ್ತಿಯಂಥ ಹಗ್ಗ. ಅದನ್ನು ಅದರ ತೋಡಿನಲ್ಲಿ ದುಂಡನೆಯ ಸರಳಿನಿಂದ ಉಜ್ಜಿ ಉಜ್ಜಿ ಕೂರಿಸಿ, ಹೊರಚಾಚಿದ ತುದಿಯನ್ನು ಬ್ಲೇಡಿನಲ್ಲಿ ಮಟ್ಟಸವಾಗಿ ಕೊಯ್ಯಬೇಕು. ಒಂದೆಳೆ ನಾರು ಕ್ಯಾಪಿನ ಅಡಿ ಸಿಕ್ಕಿಬಿದ್ದರೂ ಬೇರಿಂಗಿನ ಸಂದು ಬದಲಾಗುತ್ತದೆ, ಎಣ್ಣೆಯೂ ಸೋರುತ್ತದೆ. ಗೆಳೆಯರು ಈ ಒಂದು ಸೀಲಿಗೆ ಇಡೀ ಮಧ್ಯಾಹ್ನ ಕೊಟ್ಟರು. ಅವರ ಎಂಜಿನ್ ಸೋರುವುದಿಲ್ಲ.

ಇನ್ನು ಕ್ಯಾಮ್. ಮೂಲದ್ದು ಫ್ಲ್ಯಾಟ್ ಟ್ಯಾಪೆಟ್. ಅದರ ಲೋಬುಗಳನ್ನು ಕಾಯುತ್ತಿದ್ದುದು ಎಣ್ಣೆಯಲ್ಲಿನ ಸತು ಮತ್ತು ರಂಜಕ. 2004ರ ಎಪಿಐ ಎಸ್‌ಎಂ ದರ್ಜೆಯಿಂದ ಈಚೆಗೆ, ಕ್ಯಾಟಲಿಟಿಕ್ ಕನ್ವರ್ಟರುಗಳ ಹಿತಕ್ಕಾಗಿ, ಸಾಮಾನ್ಯ ಕಾರುಗಳ ಎಣ್ಣೆಯಲ್ಲಿ ರಂಜಕಕ್ಕೆ 0.08 ಶೇಕಡಾ ಮಿತಿ ಬಂತು. ಹೊಸ ಕ್ಯಾಮ್ ಮೊದಲ ಅರ್ಧ ಗಂಟೆಯಲ್ಲೇ ಸವೆದುಹೋದ ಕಥೆಗಳು ಇಂಥ ಗ್ಯಾರೇಜುಗಳಲ್ಲಿ ಬೇಕಾದಷ್ಟಿವೆ. ಹೈಡ್ರಾಲಿಕ್ ರೋಲರ್ ಕ್ಯಾಮ್ ದುಬಾರಿ, ಆದರೂ ನನ್ನ ಆಯ್ಕೆ ಅದೇ. ತೆಗೆದುಕೊಳ್ಳುವಾಗ ಮಾತ್ರ ಮಾರುವವರು ಹೇಳುವುದಕ್ಕಿಂತ ಒಂದು ಮೆಟ್ಟಿಲು ಸೌಮ್ಯವಾದದ್ದನ್ನೇ ತೆಗೆದುಕೊಳ್ಳಿ.

ಕಾರ್ಬುರೇಟರ್? 1967ರಲ್ಲಿ ಮೂರು ಕಾರ್ಬುರೇಟರುಗಳ ಟ್ರೈ-ಪವರ್ ಹೋಗಿ ರೋಚೆಸ್ಟರ್ ಕ್ವಾಡ್ರಾಜೆಟ್ ಬಂತು. ಸರಿಯಾಗಿ ಶ್ರುತಿ ಮಾಡಿದ ಕ್ವಾಡ್ರಾಜೆಟ್ 461ಕ್ಕೂ ಧಾರಾಳ ಸಾಕು. ಹೊಸದಕ್ಕೆ ದುಡ್ಡು ಸುರಿಯಬೇಡಿ.

ಡೈನೋ ಹಾಳೆ ಕೈಗೆ ಬಂದಾಗ ಎಲ್ಲರೂ ನೋಡುವುದು ಮೇಲ್ತುದಿಯ ಅಶ್ವಶಕ್ತಿಯನ್ನು. ನಾನು ನೋಡುವುದು 2,500ರಿಂದ 4,500 ಆರ್‌ಪಿಎಂವರೆಗಿನ ಟಾರ್ಕ್ ಗೆರೆಯನ್ನು. ಜೋಪಾನವಾಗಿ ಕಟ್ಟಿದ 461ರಲ್ಲಿ ಅದು 500 ದಾಟುತ್ತದೆ, ಅದೂ ಸಮತಟ್ಟಾಗಿ. ಅಷ್ಟು ಟಾರ್ಕ್ ನೇರ ಹೋಗಿ ಬೀಳುವುದು ಹಿಂದಿನ ಟೆನ್-ಬೋಲ್ಟ್ ಆಕ್ಸಲ್ ಮೇಲೆ. ಅದು 400ಕ್ಕೆಂದು ಕೂರಿಸಿದ್ದು. ಎಂಜಿನ್ ಲೆಕ್ಕದಲ್ಲೇ ಅದಕ್ಕೂ ಒಂದು ಪಾಲು ಎತ್ತಿಡಿ. ಆ ಆಕ್ಸಲನ್ನು ಮುಂದಿನ ವಾರ ಬಿಚ್ಚೋಣ.