ಟ್ರೇಲರ್ ಎಲ್ಲಿಗೆ ನಿಲ್ಲಬೇಕು

ದೆವ್ವದ ಸಿನಿಮಾದ್ದೊಂದು ಟ್ರೇಲರ್ ಬಂತೆಂದರೆ ಕೊಪ್ಪಳ, ಗಂಗಾವತಿ ಕಡೆಯ ಹುಡುಗರ ತೀರ್ಪು ಎರಡೇ ಮಾತಿನಲ್ಲಿ ಮುಗಿಯುತ್ತದೆ: ‘ಬಾಳ ಅಂಜಿಕಿ ಬರತೈತಿ’, ಇಲ್ಲವೇ ‘ಏನೂ ಇಲ್ ಬಿಡೋ ಅದರಾಗ’. ಆದರೆ ಈ ತೀರ್ಪಿನಲ್ಲಿ ಬೆಚ್ಚಿಬೀಳುವುದು ಮತ್ತು ಅಂಜುವುದು ಒಂದೇ ಲೆಕ್ಕಕ್ಕೆ ಸೇರಿಬಿಡುತ್ತವೆ. ಎರಡು ಸೆಕೆಂಡು ಸದ್ದಡಗಿಸಿ ಆಮೇಲೆ ಕಿವಿಗೆ ಬಡಿಯುವಂತೆ ಏನನ್ನಾದರೂ ಹಾಕಿದರೆ ಯಾರಾದರೂ ಬೆಚ್ಚುತ್ತಾರೆ; ಬಸ್ ಸ್ಟ್ಯಾಂಡಿನಲ್ಲಿ ಲಾರಿಯ ಟೈರು ಸಿಡಿದರೂ ಅಷ್ಟೇ ಆಗುತ್ತದೆ, ಅದಕ್ಕೆ ನಿರ್ದೇಶಕ ಬೇಕಿಲ್ಲ. ಬೆಚ್ಚಿದ್ದು ಆ ಗಳಿಗೆಗೇ ಇಳಿದುಹೋಗುತ್ತದೆ. ಟ್ರೇಲರಿನ ಕೆಲಸವಾದರೋ ನೋಡುಗನನ್ನು ಬಿಡುಗಡೆಯ ಶುಕ್ರವಾರದ ತನಕ ಕಾಯಿಸುವುದು. ಹಾಗೆ ಕಾಯಿಸಬೇಕಾದರೆ ತೋರಿಸಿದ್ದಕ್ಕಿಂತ ತೋರಿಸದೆ ಉಳಿಸಿಕೊಂಡದ್ದರ ತೂಕ ಹೆಚ್ಚಿರಬೇಕು. ನಾನು ಅಂಕ ಕೊಡುವುದು ಇದನ್ನು ನೋಡಿ.

ಸ್ಟ್ಯಾನ್ಲಿ ಕುಬ್ರಿಕ್‌ನ ‘ದಿ ಶೈನಿಂಗ್’ (1980) ಚಿತ್ರದ ಮೊದಲ ಟ್ರೇಲರಿನಲ್ಲಿ ಇರುವುದು ಒಂದೇ ಒಂದು ಶಾಟ್. ಹೋಟೆಲಿನ ಲಿಫ್ಟಿನ ಬಾಗಿಲು, ಅದರ ಮೇಲೆ ಮೆಲ್ಲಗೆ ಏರುವ ಹೆಸರುಗಳು, ಕಡೆಗೆ ಬಾಗಿಲಿನ ಸಂದಿಯಿಂದ ನುಗ್ಗುವ ರಕ್ತದ ಹೊಳೆ. ಒಬ್ಬ ನಟನ ಮುಖವೂ ಇಲ್ಲ. ರಕ್ತವನ್ನೇನೋ ಬಕೆಟ್‌ಗಟ್ಟಲೆ ತೋರಿಸಿದ್ದಾರೆ, ಆದರೆ ಅದು ಯಾರದು ಎಂದು ಹೇಳಿಲ್ಲ. ರಿಡ್ಲಿ ಸ್ಕಾಟ್‌ನ ‘ಏಲಿಯನ್’ (1979) ಟ್ರೇಲರಿನಲ್ಲಿ ಒಂದು ಮಾತೂ ಇಲ್ಲ. ಬಿರುಕು ಬಿಡುವ ಮೊಟ್ಟೆ, ಓಡುವ ಜನ, ಸೈರನ್ನಿನಂಥ ಕೂಗು, ಅಷ್ಟೇ. ಮೊಟ್ಟೆಯಿಂದ ಬಂದದ್ದು ಏನು ಎಂಬುದಕ್ಕೆ ಟಿಕೆಟ್ ತೆಗೆದುಕೊಳ್ಳಬೇಕು. ‘ದಿ ಕಾಂಜುರಿಂಗ್’ (2013) ಹಿಡಿದ ದಾರಿ ಇನ್ನೂ ಜಾಣತನದ್ದು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಚಪ್ಪಾಳೆಯ ಸದ್ದು ಹಿಡಿದು ಹುಡುಕುವ ಮಕ್ಕಳಾಟವನ್ನು ಅದು ಮೊದಲು ನಮಗೆ ಕಲಿಸುತ್ತದೆ. ಆಟದ ನಿಯಮ ತಿಳಿದ ಮೇಲೆ ನೆಲಮಾಳಿಗೆಯ ಕತ್ತಲಲ್ಲಿ ತಾಯಿಯ ಬೆನ್ನ ಹಿಂದಿನಿಂದ ಎರಡು ಕೈ ಬಂದು ಚಪ್ಪಾಳೆ ತಟ್ಟುತ್ತವೆ. ನಿಯಮ ಗೊತ್ತಿಲ್ಲದವನಿಗೆ ಅದು ಬರೀ ಸದ್ದು. ಒಳ್ಳೆಯ ದೃಶ್ಯವನ್ನು ಮೊದಲೇ ಖರ್ಚು ಮಾಡಿಬಿಟ್ಟರಲ್ಲ ಎಂಬ ದೂರು ನ್ಯಾಯವೇ. ಆದರೂ ಆ ಕೈಗಳ ಹಿಂದಿನ ಮುಖ ಬಚ್ಚಿಟ್ಟೇ ಇದೆ, ಅದಕ್ಕೇ ನಾನು ಅಂಕ ಕಳೆಯುವುದಿಲ್ಲ.

ಈ ಹಿಡಿತವನ್ನು ಕಲಿಯಲು ಹಾಲಿವುಡ್ಡಿಗೇ ಹೋಗಬೇಕೆಂದಿಲ್ಲ. ನಮ್ಮ ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಗಲುಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಬಣ್ಣ, ಗೆರೆ ಎಲ್ಲ ನಿಚ್ಚಳ. ದೀಪದ ಕಡೆಗೆ ಹಿಂದೆ ಸರಿಸಿದರೆ ನೆರಳು ದೊಡ್ಡದಾಗುತ್ತ ಮಸುಕಾಗುತ್ತದೆ. ರಾಕ್ಷಸ ಪರದೆಗೆ ಅಂಟಿಕೊಂಡ ಮೇಲೆ ಬೆರಗು ಹುಟ್ಟಬಹುದು, ಆದರೆ ಅಂಜಿಕೆ ಇರುವುದು ಅದಕ್ಕೂ ಮುಂಚಿನ ಆ ಮಸುಕಿನಲ್ಲಿ. ಇನ್ನು ಜಾಗದ ಮಾತಿಗೆ ಬಂದರೆ, ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಜನ ಚಪ್ಪಡಿ ನಿಲ್ಲಿಸಿ ಕಟ್ಟಿದ ನೂರಾರು ಕಲ್ಗೋರಿಗಳಿವೆ. 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿದ ತಾಣವದು. ಕೆಲವು ಕಲ್ಮನೆಗಳ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಆ ಕಿಂಡಿಯ ಮುಂದೆ ಕ್ಯಾಮೆರಾ ಅಲುಗದಂತೆ ನಿಂತರೆ ಸಾಕು, ಅರ್ಧ ಟ್ರೇಲರ್ ಸಿದ್ಧ. ನಮ್ಮವರು ಅಲ್ಲಿಗೆ ಹೋದರೆ ಮೊದಲು ಡ್ರೋನ್ ಹಾರಿಸುತ್ತಾರೆ ಎಂಬುದು ನನ್ನ ಅನುಮಾನ; ಮೇಲಿನಿಂದ ನೋಡಿದರೆ ಅದು ಬರೀ ಬಂಡೆಗಳ ಬಯಲು.

ಇದೆಲ್ಲ ಪುಸ್ತಕದ ಮಾತು, ಕುಷ್ಟಗಿ-ಯಲಬುರ್ಗಾ ಬಸ್ಸಿನಲ್ಲಿ ಮೊಬೈಲು ಹಿಡಿದ ಹುಡುಗ ಐದು ಸೆಕೆಂಡಿಗೆ ಮುಂದಕ್ಕೆ ಸರಿಸಿಬಿಡುತ್ತಾನೆ, ಅವನಿಗೆ ಮೌನ ಎಲ್ಲಿ ಮಾರುತ್ತೀರಿ ಎನ್ನುವವರಿದ್ದಾರೆ. ಆ ಹುಡುಗನ ಬೆರಳ ಕೆಳಗೆ ಸರಿದುಹೋಗುವ ರೀಲುಗಳೆಲ್ಲ ಚೀರುತ್ತಲೇ ಇರುತ್ತವೆ. ಅವುಗಳ ನಡುವೆ ಸುಮ್ಮನಿರುವುದೇ ಕಣ್ಣಿಗೆ ಬೀಳುತ್ತದೆ. ಇಯರ್‌ಫೋನ್ ಹಾಕಿದ ಕಿವಿಗೆ ಬಾಗಿಲ ಕಿರುಗುಟ್ಟುವ ಸದ್ದೂ ಹತ್ತಿರದ್ದೇ. ಬೇಗ ಹಿಡಿಯಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ, ಆದರೆ ಬೇಗ ಹಿಡಿಯಲು ಗದ್ದಲವೇ ಬೇಕಿಲ್ಲ. ಕೆ.ಎಸ್. ಅಶೋಕ ಅವರ ‘6-5=2’ (2013) ಹೆಸರಿನಲ್ಲೇ ಅದನ್ನು ಸಾಧಿಸಿತ್ತು. ಚಾರಣಕ್ಕೆ ಹೊರಟವರು ಆರು ಜನ, ಲೆಕ್ಕ ಮಾತ್ರ ತಪ್ಪಿದೆ. ಆ ಉಳಿದ ಇನ್ನೊಂದು ಯಾವುದು? ಪೋಸ್ಟರ್ ಓದಿದವನ ತಲೆಯಲ್ಲಿ ಟ್ರೇಲರ್ ಶುರುವಾಗಿಯೇ ಬಿಟ್ಟಿತು. ಪವನ್ ಕುಮಾರ್ ಅವರ ‘ಯು ಟರ್ನ್’ (2016) ಕಥೆಯೂ ಹೀಗೆಯೇ ಒಂದು ನಿಯಮದ ಮೇಲೆ ನಿಂತದ್ದು: ಬೆಂಗಳೂರಿನ ಒಂದು ಫ್ಲೈಓವರ್ ಮೇಲೆ ಕಲ್ಲು ಸರಿಸಿ ಗಾಡಿ ತಿರುಗಿಸಿದವರು ಸಾಯುತ್ತಾರೆ. ಒಂದು ಸಾಲಿನಲ್ಲಿ ಹೇಳಬಹುದಾದ ಇಂಥ ನಿಯಮ ಇಲ್ಲದ ಚಿತ್ರಗಳೇ ಟ್ರೇಲರಿನಲ್ಲಿ ಬಿಳಿ ಸೀರೆ, ಬಿಚ್ಚಿದ ಕೂದಲು, ಡಮಡಮ ಸಂಗೀತಕ್ಕೆ ಮೊರೆಹೋಗುತ್ತವೆ.

ಟ್ರೇಲರ್ ಚೆನ್ನಾಗಿದ್ದು ಸಿನಿಮಾ ಕೆಟ್ಟಿದ್ದರೆ ಅದು ಮೋಸವಲ್ಲವೇ ಎಂಬುದು ಗಟ್ಟಿಯಾದ ಆಕ್ಷೇಪ. ‘ಸೈಕೋ’ (1960) ಚಿತ್ರಕ್ಕೆ ಹಿಚ್‌ಕಾಕ್ ಸ್ವತಃ ಮನೆ, ಮೋಟೆಲ್ ಎಲ್ಲ ಸುತ್ತಿಸಿ ತೋರಿಸುವ ಆರು ನಿಮಿಷ ಮೀರಿದ ಟ್ರೇಲರ್ ಮಾಡಿದ್ದ. ಕಡೆಗೆ ಬಚ್ಚಲ ಪರದೆ ಸರಿಸಿದಾಗ ಚೀರುವವಳು ಆ ದೃಶ್ಯದ ನಟಿ ಜಾನೆಟ್ ಲೀ ಅಲ್ಲ, ವೇರಾ ಮೈಲ್ಸ್. ಸುಳ್ಳು ಹೌದು, ಆದರೆ ಸಿನಿಮಾದ ಗುಟ್ಟನ್ನು ಕಾಯುವ ಸುಳ್ಳು, ಅದನ್ನು ಕ್ಷಮಿಸಬಹುದು. ಕ್ಷಮಿಸಲಾಗದ್ದು ಇದರ ಉಲ್ಟಾ: ದೆವ್ವ ಯಾರು, ಏಕೆ ಸತ್ತಿತು, ಮಂತ್ರವಾದಿ ಯಾವ ದಾರಿಯಲ್ಲಿ ಬಂದ ಎಲ್ಲವನ್ನೂ ಎರಡೂವರೆ ನಿಮಿಷದಲ್ಲಿ ಪ್ರಾಮಾಣಿಕವಾಗಿ ಒಪ್ಪಿಸಿಬಿಡುವುದು. ಅಂಥ ಟ್ರೇಲರಿಗೆ ನನ್ನ ಅಂಕ ಕಡಿಮೆಯೇ, ಸಿನಿಮಾ ಮುಂದೆ ನೂರು ದಿನ ಓಡಿದರೂ.