ಹಸಿರು ಕಾಸಿನಸರದ ಬೂಷ್ಟು

ಹಲಿಮೀಡ ಎಂಬ ಕಡಲಪಾಚಿ ನೋಡಲು ಪಾಚಿಯಂತಿಲ್ಲ. ಹಸಿರು ಬಿಲ್ಲೆಗಳನ್ನು ಅಂಚಿಗಂಚು ಕೂಡಿಸಿ ಪೋಣಿಸಿದ ಕಾಸಿನಸರ. ಮುಟ್ಟಿದರೆ ಬೆರಳಿಗೆ ಸುಣ್ಣದ ಗಡಸು. ಹೊಸ ಬಿಲ್ಲೆ ಮೂಡುವುದು ರಾತ್ರಿ, ಅದೂ ಬೆಳ್ಳಗೆ. ಬೆಳಗಾಗುವಷ್ಟರಲ್ಲಿ ಪತ್ರಹರಿತ್ತಿನ ಕಣಗಳು ಹಳೆಯ ಬಿಲ್ಲೆಯಿಂದ ಹರಿದುಬಂದು ಅದಕ್ಕೆ ಬಣ್ಣ ತುಂಬಿರುತ್ತವೆ. ಸತ್ತಮೇಲೆ ಬಿಲ್ಲೆಗಳು ಉದುರಿ ಹವಳದ್ವೀಪಗಳ ಬಿಳಿ ಮರಳಾಗುತ್ತವೆ.

ಈ ಸರದಲ್ಲೊಂದು ಬೂಷ್ಟು ಬಿಡಾರ ಹೂಡಿತ್ತು. ಥಂಡಿ ಹಿಡಿದ ಕಡಲೆಬೀಜದ ಮೇಲೆ ಕಂಡು ನಾವು ಮುಖ ಸಿಂಡರಿಸುವ ಆಸ್ಪರ್ಜಿಲಸ್ ಕುಲದ್ದೇ. ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ ವಿಲಿಯಂ ಫೆನಿಕಲ್ ಅವರ ತಂಡ ಅದರಿಂದ ಒಂದು ಅಣು ತೆಗೆದು ಹಾಲಿಮೈಡ್ ಎಂದು ಕರೆಯಿತು. ದುಡಿದದ್ದು ಬಾಡಿಗೆದಾರ, ಹೆಸರು ಮನೆಯೊಡೆಯನಿಗೆ! ಜಪಾನಿನವರು 1997ರಲ್ಲಿ ಅದೇ ಅಣುವನ್ನು ಮತ್ತೊಂದು ಆಸ್ಪರ್ಜಿಲಸ್‌ನಲ್ಲಿ ಕಂಡು ಫೀನೈಲಹಿಸ್ಟಿನ್ ಎಂದಿದ್ದರು.

ಅಣುವಿನ ಕಟ್ಟಣೆ ಸೊಗಸು. ಅಪ್ಪಾಲೆ ತಿಪ್ಪಾಲೆ ಆಡುವ ಇಬ್ಬರು ಮಕ್ಕಳ ಹಾಗೆ ಎರಡು ಅಮೈನೋ ಆಮ್ಲಗಳು ಎರಡೂ ಕೈ ಹಿಡಿದು ಉಂಗುರವಾಗಿ ನಿಂತಿವೆ. ಬೂಷ್ಟು ಇದನ್ನು ಎಡಗೈ ಬಲಗೈಗಳಂತೆ ಎರಡು ಬಗೆಯಲ್ಲಿ ಹೆಣೆಯುತ್ತದೆ. ಕಸುವೆಲ್ಲ ಬಹುಮಟ್ಟಿಗೆ ಒಂದರದೇ. ರಸಾಯನಜ್ಞರು ಒಂದು ಕವಲು ಬದಲಿಸಿ, ಉಂಗುರದ ಪಕ್ಕಕ್ಕೆ ಇನ್ನೊಂದು ಜೋಡಿಬಂಧ ಕೂಡಿಸಿದರು. ಎಡಬಲದ ಭೇದವೇ ಅಳಿಯಿತು. ಕ್ಯಾನ್ಸರ್ ಗಡ್ಡೆಯ ರಕ್ತನಾಳಗಳಿಗೆ ಗುರಿಯಿಡುವ ಪ್ಲಿನಾಬ್ಯುಲಿನ್ ಹುಟ್ಟಿದ್ದು ಹೀಗೆ. ಒಂದು ಮಾತ್ರೆ ತಿದ್ದಿ ಷಟ್ಪದಿಯ ಸಾಲು ನಿಲ್ಲಿಸುವ ಕೈಚಳಕವಿದು. ಎಷ್ಟು ಸಲ ನೋಡಿದರೂ ನನಗೆ ತಣಿವಿಲ್ಲ.

ಹೊಸ ರಕ್ತನಾಳ ಎಳೆದುಕೊಳ್ಳದೆ ಕ್ಯಾನ್ಸರ್ ಗಡ್ಡೆ ಒಂದೆರಡು ಮಿಲಿಮೀಟರ್ ದಾಟಲಾರದು ಎಂದು ಬಾಸ್ಟನ್ನಿನ ಜೂಡಾ ಫೋಕ್‌ಮನ್ 1971ರಲ್ಲೇ ಬರೆದಿದ್ದರು. ಗಡ್ಡೆ ಅವಸರದಲ್ಲಿ ಎಳೆದುಕೊಂಡ ಆ ನಾಳಗಳು ಸೊಟ್ಟ, ಸೋರುಬುರುಕ. ಅವುಗಳ ಒಳಪದರದ ಕೋಶಗಳು ಚಪ್ಪಟೆಯಾಗಿ ಹರಡಿ ನಿಲ್ಲುವುದು ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ ಗಳುಗಳ ಆಸರೆಯಿಂದ. ಪ್ಲಿನಾಬ್ಯುಲಿನ್ ಆ ಗಳು ಕಟ್ಟಗೊಡದು. ಕೋಶ ದುಂಡಗಾಗುತ್ತದೆ, ನಾಳ ಕುಸಿಯುತ್ತದೆ, ಗಡ್ಡೆಯ ಅನ್ನನೀರು ನಿಲ್ಲುತ್ತದೆ.

ವಿಚಿತ್ರವೆಂದರೆ, ಪ್ಲಿನಾಬ್ಯುಲಿನ್ ಒಪ್ಪಿಗೆಗೆಂದು ತಟ್ಟಿದ ಬಾಗಿಲು ಬೇರೆ: ಕೀಮೋದಿಂದ ಕುಗ್ಗುವ ಬಿಳಿ ರಕ್ತಕಣಗಳನ್ನು ಕಾಯುವ ಮದ್ದಾಗಿ. ಒಂದೇ ಪ್ರಯೋಗ ಸಾಲದೆಂದು 2021ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಹಿಂದಕ್ಕೆ ಕಳಿಸಿದರು.

ನನ್ನ ಕಣ್ಣು ಮತ್ತೆ ಟ್ಯೂಬ್ಯುಲಿನ್ನಿಗೇ ಮರಳುತ್ತದೆ. ಕಡಲಿನ ಈ ಅಣು ಹೋಗಿ ಕೂರುವುದು ಕಾಲ್ಚಿಸಿನ್ ಕೂರುವ ಜಾಗದ ಬಳಿಯಲ್ಲೇ. ಗೌರಿಹಬ್ಬದ ಹೊತ್ತಿಗೆ ಮಲೆನಾಡಿನ ಬೇಲಿಗಳಲ್ಲಿ ಕೆಂಪು ಹಳದಿಯಾಗಿ ಉರಿಯುವ ಅಗ್ನಿಶಿಖೆಯ ಗೆಡ್ಡೆಯಲ್ಲಿರುವ ವಿಷ ಆ ಕಾಲ್ಚಿಸಿನ್ನೇ.