‘ಯಾರು ಒಪ್ಪಿದ್ರು?’: ಡ್ರ್ಯಾಗನ್ ಕ್ವೆಸ್ಟ್ 7 ಮತ್ತು ಕಸುಬಿನ ಪ್ರಶ್ನೆ

“ಅಪ್ಪಾ, ಕ್ಲಾಸ್‌ಗೆ ಕನ್ನಡದಲ್ಲಿ ಏನಂತಾರೆ?”

ಸೋಫಾದ ತುದಿಯಲ್ಲಿ ಕಾಲು ಮಡಚಿಕೊಂಡು ಕೂತಿದ್ದ ಮಗಳು ಕೇಳಿದಳು. ಕೈಯಲ್ಲಿ ನನ್ನ ಹಳೇ ನಿಂಟೆಂಡೊ 3ಡಿಎಸ್. ಪಕ್ಕದಲ್ಲಿ ನನ್ನ ಅಮ್ಮ. ಹಾಸನದಿಂದ ಆರು ತಿಂಗಳಿಗೆ ಅಂತ ನಮ್ಮ ನ್ಯೂಜೆರ್ಸಿ ಮನೆಗೆ ಬಂದಿದ್ದರು. ಇಂಡಿಯನ್ ಅಂಗಡಿಯಿಂದ ತಂದ ಅವರೆಕಾಳು ಹಿತುಕುತ್ತಾ ಮೊಮ್ಮಗಳ ಆಟ ನೋಡ್ತಾ ಇದ್ದರು.

“ಸ್ಕೂಲಿನ ಕ್ಲಾಸಾ?” ಅಂದೆ.

“ಅಲ್ಲ, ಗೇಮಿನ ಕ್ಲಾಸ್. ಅಜ್ಜಿಗೆ ಹೇಳ್ಬೇಕು.”

‘ವರ್ಗ’ ಅನ್ನೋಕೆ ಹೋಗಿ ನಿಲ್ಲಿಸಿದೆ. ವರ್ಗ ಅಂದರೆ ಬಡವರು, ಶ್ರೀಮಂತರ ಮಾತಾಯಿತು. ‘ವೃತ್ತಿ’ ಅಂದರೆ ಅರ್ಜಿ ಫಾರಂ ತುಂಬಿದ ಹಾಗೆ. ಕೊನೆಗೆ ‘ಕಸುಬು’ ಅಂದೆ. ಮಗಳು ಅಜ್ಜಿ ಕಡೆ ತಿರುಗಿ ತನ್ನ ಕನ್ನಡದಲ್ಲಿ ಹೇಳಿದಳು: “ಅಜ್ಜಿ, ಈ ಹುಡುಗನ ಅಪ್ಪ ಮೀನು ಹಿಡೀತಾರೆ. ಈಗ ಇವನ ಕಸುಬು ಪೂಜಾರಿ.”

ಅಮ್ಮನ ಕೈ ನಿಂತಿತು. “ಬೆಸ್ತರ ಹುಡುಗ ಪೂಜಾರಿ ಆದ್ನಾ? ಯಾರು ಒಪ್ಪಿದ್ರು?”

ಮಗಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ನಾನೇ ಮಾಡಿದ್ದು ಅಜ್ಜಿ. ಮೆನುನಲ್ಲಿತ್ತು.”

ಈ ಆಟವನ್ನು ನಾನು ಎರಡು ಸಲ ಪೂರ್ತಿ ಆಡಿದ್ದೇನೆ. ಅದರ ಬಗ್ಗೆ ಗೆಳೆಯರ ಜೊತೆ ಗಂಟೆಗಟ್ಟಲೆ ಜಗಳ ಆಡಿದ್ದೇನೆ. ಯಾವ ಕ್ಲಾಸ್ ಮೊದಲು, ಎಲ್ಲಿ ನಿಂತು ಕಾದಾಡಿದರೆ ಬೇಗ ಮೇಲೇರಬಹುದು, ಇಂಥವೇ ಮಾತು. ಅಮ್ಮ ಕೇಳಿದ ಪ್ರಶ್ನೆ ನಮ್ಮ ಯಾರ ಬಾಯಲ್ಲೂ ಬಂದಿರಲಿಲ್ಲ. ಈ ಬರಹ ಆ ಪ್ರಶ್ನೆಗೆ ಉತ್ತರ ಹುಡುಕೋ ಪ್ರಯತ್ನ. ಆಟದ ಕೊನೆಯ ಗುಟ್ಟನ್ನೂ ಹೇಳಬೇಕಾಗುತ್ತದೆ. ಇನ್ನೂ ಆಡದವರು ಬೇಕಿದ್ದರೆ ಇಲ್ಲೇ ನಿಲ್ಲಿಸಿ, ಆಡಿ, ಆಮೇಲೆ ಬನ್ನಿ. ನೂರು ಗಂಟೆ ಬೇಕಾಗಬಹುದು, ಅವಸರ ಇಲ್ಲ.

ಮೊದಲು ಗೊತ್ತಿಲ್ಲದವರಿಗೆ ಎರಡು ಮಾತು. ಡ್ರ್ಯಾಗನ್ ಕ್ವೆಸ್ಟ್ ಜಪಾನಿನ ಆಟಗಳ ಸರಣಿ. ರೂಪಿಸಿದವರು ಯೂಜಿ ಹೋರಿ, ಪಾತ್ರಗಳನ್ನೂ ರಾಕ್ಷಸರನ್ನೂ ಬರೆದವರು ಅಕಿರಾ ತೋರಿಯಾಮಾ. ಏಳನೆಯ ಆಟ 2000ದ ಆಗಸ್ಟ್‌ನಲ್ಲಿ ಪ್ಲೇಸ್ಟೇಷನ್‌ಗೆ ಬಂತು. ಅಮೆರಿಕಕ್ಕೆ 2001ರಲ್ಲಿ ಬಂದಾಗ ಅದರ ಹೆಸರು ಡ್ರ್ಯಾಗನ್ ವಾರಿಯರ್ 7. 3ಡಿಎಸ್‌ಗೆ ಹೊಸದಾಗಿ ಕಟ್ಟಿದ ರೂಪ ಜಪಾನಿನಲ್ಲಿ 2013ರಲ್ಲಿ, ನಮಗೆ 2016ರಲ್ಲಿ ಸಿಕ್ಕಿತು.

ಸರಣಿಯಲ್ಲಿ ಕಸುಬು ಬದಲಾಯಿಸೋ ಜಾಗ ಒಂದು ದೇವಸ್ಥಾನ. ಇಂಗ್ಲಿಷ್ ಅನುವಾದದಲ್ಲಿ ಅದು ‘ಆಲ್‌ಟ್ರೇಡ್ಸ್ ಅಬ್ಬಿ’. ಜಪಾನಿ ಹೆಸರು ‘ದಾಮಾ’ ದೇವಸ್ಥಾನ. ನಮ್ಮ ಕಿವಿಗೆ ಅದು ಧರ್ಮ ಅಂತಲೇ ಕೇಳುತ್ತದೆ. ಅವರವರ ಧರ್ಮ ಅವರವರಿಗೆ, ಹುಟ್ಟಿದ ಮನೆಯ ಕೆಲಸ ಬಿಟ್ಟು ಬೇರೆಯವರ ಕೆಲಸಕ್ಕೆ ಕೈ ಹಾಕಬಾರದು ಅನ್ನೋ ಮಾತು ಕೇಳಿ ಬೆಳೆದವರು ನಾವು. ಆ ಹೆಸರಿನ ಗುಡಿಯಲ್ಲೇ ಒಬ್ಬ ಅರ್ಚಕ ನಿಂತು “ಯಾವ ಕಸುಬು ಬೇಕು?” ಅಂತ ಕೇಳ್ತಾನೆ.

ಈ ಗುಡಿ ಮೊದಲು ಕಾಣಿಸಿದ್ದು 1988ರ ಮೂರನೆಯ ಆಟದಲ್ಲಿ. ಅಲ್ಲಿ ನಿಯಮ ಕಠಿಣ. ಇಪ್ಪತ್ತನೇ ಮಟ್ಟ ಮುಟ್ಟಿದವರು ಮಾತ್ರ ಬದಲಾಗಬಹುದು. ಬದಲಾದ ಕೂಡಲೇ ಮತ್ತೆ ಒಂದನೇ ಮಟ್ಟ, ಶಕ್ತಿಯೆಲ್ಲ ಅರ್ಧ. ಕಲಿತ ಮಂತ್ರ ಮಾತ್ರ ಉಳಿಯುತ್ತದೆ. ಕೆಲಸಕ್ಕೆ ಬಾರದ ವಿದೂಷಕನೊಬ್ಬ ಇದ್ದಾನೆ, ಅವನು ಇಪ್ಪತ್ತು ಮುಟ್ಟಿದರೆ ನೇರ ಜ್ಞಾನಿ ಆಗಬಹುದು. ಬೇರೆಯವರಿಗೆ ಅದಕ್ಕೊಂದು ಅಪರೂಪದ ಗ್ರಂಥ ಬೇಕು. ಇಷ್ಟೆಲ್ಲ ಸ್ವಾತಂತ್ರ್ಯ ಇರುವ ಗುಡಿಯಲ್ಲಿ ಕಸುಬು ಬದಲಾಯಿಸೋಕೆ ಆಗದವನು ಒಬ್ಬನೇ: ನಾಯಕ. ಅವನು ಹೆಸರಾಂತ ವೀರನ ಮಗು, ವೀರನಾಗಿಯೇ ಇರಬೇಕು. ಎಲ್ಲರನ್ನೂ ಹುಟ್ಟಿನಿಂದ ಬಿಡಿಸಿದ ಆಟ ನಾಯಕನನ್ನು ಮಾತ್ರ ಅಪ್ಪನಿಗೆ ಕಟ್ಟಿಹಾಕಿತು.

ಏಳನೆಯ ಆಟದಲ್ಲಿ ಆ ಕಟ್ಟೂ ಇಲ್ಲ. ಇಲ್ಲಿ ನಾಯಕ ಒಂದು ದ್ವೀಪದ ಮೀನುಗಾರನ ಮಗ. ಜೊತೆಗೆ ಊರ ಮುಖ್ಯಸ್ಥನ ಮಗಳು ಮ್ಯಾರಿಬೆಲ್, ರಾಜಕುಮಾರ ಕೀಫರ್, ಆಮೇಲೆ ತೋಳದ ಮರಿಯಿಂದ ಹುಡುಗನಾದ ರಫ್. ಗುಡಿ ತಲುಪಿದವರೆಲ್ಲ ಅದರ ಮುಂದೆ ಒಂದೇ. ಮೂಲ ಕಸುಬು ಹತ್ತು: ಯೋಧ, ಮಲ್ಲ, ಮಂತ್ರವಾದಿ, ಪೂಜಾರಿ, ನರ್ತಕ, ವಿದೂಷಕ, ಕಳ್ಳ, ಹಾಡುಗಾರ, ನಾವಿಕ, ಕುರಿಗಾಹಿ. ಹೆಚ್ಚಾಗಿ ಎರಡನ್ನು ಪೂರ್ತಿ ಕಲಿತರೆ ಮೇಲಿನದು ತೆರೆಯುತ್ತದೆ. ಮಂತ್ರವಾದಿ, ಪೂಜಾರಿ ಸೇರಿದರೆ ಜ್ಞಾನಿ. ನಾವಿಕ, ಕಳ್ಳ ಸೇರಿದರೆ ಕಡಲ್ಗಳ್ಳ.

ಈ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಓದಿದಾಗ ಅದು ಬರೀ ಮೆನು. ಕನ್ನಡಕ್ಕೆ ತಂದರೆ ಅರ್ಧ ಪಟ್ಟಿ ಜಾತಿಯ ಹೆಸರಿನ ಪಕ್ಕ ಬಂದು ಕೂರುತ್ತದೆ. ಕುರಿಗಾಹಿ ಅಂದರೆ ಒಂದು ಕುಲ, ಪೂಜಾರಿ ಅಂದರೆ ಇನ್ನೊಂದು. ಅಮ್ಮ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವರು. ಅವರ ಪ್ರಶ್ನೆಯಲ್ಲಿ ಆಕ್ಷೇಪ ಇರಲಿಲ್ಲ, ಅನುಭವ ಇತ್ತು. ಆಮೇಲೆ ಅವರೇ ಹೇಳಿದರು: “ನಮ್ಮ ದಾಖಲಾತಿ ಪುಸ್ತಕದಲ್ಲಿ ಜಾತಿಗೊಂದು ಕಾಲಂ, ಅಪ್ಪನ ಕಸುಬಿಗೊಂದು ಕಾಲಂ ಇರ್ತಿತ್ತು ಕಣೋ. ಮಗು ಏನಾಗ್ಬೇಕು ಅಂತಿದೆ ಅನ್ನೋದಕ್ಕೆ ಕಾಲಂ ಇರ್ಲಿಲ್ಲ.”

ಹಾಗಾದರೆ ಆಟ ಅಷ್ಟು ಸುಲಭವಾಗಿ ಒಪ್ಪುತ್ತದಾ? ಇಲ್ಲ. ಮೂಲ ಆಟದಲ್ಲಿ ಮೊದಲ ಕಾಳಗಕ್ಕೇ ಎರಡು ಮೂರು ಗಂಟೆ ಕಾಯಬೇಕು. ಗುಡಿ ತಲುಪೋ ಹೊತ್ತಿಗೆ ಸುಮಾರು ಇಪ್ಪತ್ತು ಗಂಟೆ ಕಳೆದಿರುತ್ತದೆ. ತಲುಪಿದಾಗ ಅದು ರಾಕ್ಷಸರ ವಶದಲ್ಲಿದೆ. ಒಳಗಿರೋದು ವೇಷಧಾರಿ ಅರ್ಚಕ. ಹೊಸ ಶಕ್ತಿ ಕೊಡ್ತೀವಿ ಅಂತ ನಂಬಿಸಿ, ಅಲ್ಲಿಯವರೆಗೆ ಕಲಿತ ಮಂತ್ರ, ವಿದ್ಯೆ ಎಲ್ಲ ಕಿತ್ತುಕೊಂಡು ದಿಕ್ಕಿಲ್ಲದವರ ಊರಿಗೆ ತಳ್ಳುತ್ತಾರೆ. ಬರಿಗೈಯಲ್ಲಿ ಕಾದಾಡಿ, ಕಳೆದದ್ದನ್ನು ವಾಪಸ್ ಪಡೆದು, ಗುಡಿಯನ್ನು ಬಿಡಿಸಿದ ಮೇಲೆ ಮಾತ್ರ ಮೆನು ತೆರೆಯುತ್ತದೆ. ಈ ಭಾಗ ತುಂಬಾ ಎಳೆಯುತ್ತದೆ ಅಂತ ಆಡಿದವರೆಲ್ಲ ಗೊಣಗುತ್ತಾರೆ. ನನಗೆ ಇದು ಆಟದ ಅತ್ಯಂತ ಪ್ರಾಮಾಣಿಕ ಭಾಗ. ಹೊಸ ಬದುಕು ಕೊಡ್ತೀವಿ ಅನ್ನೋ ಬಾಗಿಲಲ್ಲಿ ಮೊದಲು ನಮ್ಮ ಹತ್ತಿರ ಇರೋದನ್ನು ತೆಗೆದಿಡಿಸಿಕೊಳ್ಳುತ್ತಾರೆ ಅನ್ನೋದು ಊರು ಬಿಟ್ಟು ಬಂದ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೂ ಸ್ವಲ್ಪ ಮುಂಚೆ ಇನ್ನೊಂದು ಘಟನೆ ನಡೆದಿರುತ್ತದೆ. ಕೀಫರ್ ಒಂದು ಅಲೆಮಾರಿ ಬುಡಕಟ್ಟಿನ ಹುಡುಗಿಯನ್ನು ಪ್ರೀತಿಸಿ, ಆ ಜನರ ಕಾವಲುಗಾರನಾಗಿ ಹಳೆಯ ಕಾಲದಲ್ಲೇ ಉಳಿದುಬಿಡುತ್ತಾನೆ. ಮತ್ತೆ ತಂಡಕ್ಕೆ ಬರೋದಿಲ್ಲ. ಶಕ್ತಿ ಹೆಚ್ಚಿಸೋ ಅಪರೂಪದ ಬೀಜಗಳನ್ನು ಅವನಿಗೆ ತಿನ್ನಿಸಿದ್ದರೆ ಅವೂ ಅವನ ಜೊತೆಗೇ ಹೋದ ಹಾಗೆ. ಜಪಾನಿನ ಆಟಗಾರರು ಅವನಿಗೆ ‘ಬೀಜಗಳ್ಳ’ ಅಂತಲೇ ಹೆಸರಿಟ್ಟಿದ್ದಾರೆ. ನಾನೂ ಮೊದಲ ಸಲ ಬೈದೆ. ಎರಡನೇ ಸಲ ಬೇರೆ ಏನೋ ಕಂಡಿತು. ಇಡೀ ಆಟದ ದೊಡ್ಡ ಕಸುಬು ಬದಲಾವಣೆ ಇದೇ. ಸಿಂಹಾಸನಕ್ಕೆ ಹುಟ್ಟಿದವನು ತನಗೆ ಬೇಕಾದ ಕೆಲಸ ಹುಡುಕಿಕೊಂಡು ಹೊರಟ. ಗುಡಿ ಇಲ್ಲ, ಮೆನು ಇಲ್ಲ, ನಮ್ಮ ಒಪ್ಪಿಗೆ ಕೇಳಿದ್ದೂ ಇಲ್ಲ. ನಮಗೆ ಸಿಟ್ಟು ಬರೋದು ನಾವು ಹಾಕಿದ ಬಂಡವಾಳ ಹೋಯಿತಲ್ಲ ಅಂತ. ಮಕ್ಕಳನ್ನು ಎಂಜಿನಿಯರಿಂಗ್‌ಗೆ ಸೇರಿಸಿ, ಆಮೇಲೆ ಅವರು ಬೇರೆ ದಾರಿ ಹಿಡಿದಾಗ ನಾವು ಬೈಯೋದೂ ಇದೇ ಧಾಟಿಯಲ್ಲಿ.

ಈಗ ತಕರಾರಿಗೆ ಬರ್ತೀನಿ. ಪ್ರತಿ ಕಸುಬಿಗೂ ಎಂಟು ಮೆಟ್ಟಿಲು. ಮೆಟ್ಟಿಲು ಏರೋಕೆ ಬೇಕಾದದ್ದು ಕಾಳಗಗಳ ಸಂಖ್ಯೆ. ನಾವು ತುಂಬಾ ಬಲಿತಿದ್ದು, ಬಡಪಾಯಿ ಪ್ರಾಣಿಗಳನ್ನು ಹೊಡೆದರೆ ಆ ಕಾಳಗ ಲೆಕ್ಕಕ್ಕೆ ಬರೋದಿಲ್ಲ. ಈ ಮಿತಿ ನ್ಯಾಯವಾದದ್ದೇ. ಆದರೆ ಎಣಿಕೆ ನೋಡೋದು ಕಾಳಗ ಮುಗಿಯಿತಾ ಅಂತ ಮಾತ್ರ, ನೀವು ಅದರಲ್ಲಿ ಏನು ಮಾಡಿದಿರಿ ಅಂತ ಅಲ್ಲ. ಪೂಜಾರಿಯೊಬ್ಬ ಒಂದೇ ಒಂದು ಗಾಯ ಮಾಯಿಸದೆ, ಕೋಲಲ್ಲಿ ಬಡಿಯುತ್ತಲೇ ಮಹಾ ಪೂಜಾರಿ ಆಗಬಹುದು. ಹಾಜರಿ ಇದ್ದರೆ ಸಾಕು, ಪಾಸು. 1988ರ ಫೈನಲ್ ಫ್ಯಾಂಟಸಿ 2ರಲ್ಲಿ ಯಾವ ಆಯುಧ ಬಳಸ್ತೀವೋ ಅದರಲ್ಲೇ ಪಳಗುತ್ತೇವೆ, ಯಾವ ಮಂತ್ರ ಹೇಳ್ತೀವೋ ಅದೇ ಬಲಿಯುತ್ತದೆ. ಅದರಲ್ಲಿ ಬೇರೆ ನೂರು ತೊಂದರೆ ಇದ್ದರೂ ಮಾಡಿ ಕಲಿಯೋದು ಅನ್ನೋ ತತ್ವ ಇತ್ತು. ಡ್ರ್ಯಾಗನ್ ಕ್ವೆಸ್ಟ್ 7 ಕಸುಬನ್ನು ಕುಲದಿಂದ ಬಿಡಿಸಿತು, ಆದರೆ ಕೆಲಸದಿಂದಲೂ ಬಿಡಿಸಿಬಿಟ್ಟಿತು. ಇದು ಅದರ ನಿಜವಾದ ಸೋಲು.

ಕಸುಬು ಬಿಟ್ಟ ಮೇಲೆ ನಮ್ಮ ಜೊತೆ ಏನು ಉಳಿಯುತ್ತದೆ? ಆಟಗಾರರು ಇವತ್ತಿಗೂ ಎರಡು ಪಕ್ಷ ಆಗೋದು ಇಲ್ಲೇ. 2000ದ ರೂಪದಲ್ಲಿ ಕಲಿತದ್ದೆಲ್ಲ ನಮ್ಮದೇ. ಜ್ಞಾನಿಯಾಗಿ ಕಲಿತ ಮಂತ್ರವನ್ನು ಕುರಿಗಾಹಿಯಾಗಿಯೂ ಹೇಳಬಹುದು. ಹಾಗಾಗಿ ಕೊನೆಗೆ ನಾಲ್ವರೂ ಎಲ್ಲ ಬಲ್ಲವರು, ನಾಲ್ವರೂ ಒಂದೇ ಅಚ್ಚು. 3ಡಿಎಸ್ ರೂಪ ಇದನ್ನು ಸರಿ ಮಾಡಲು ಹೊರಟಿತು. ಮೂಲ ಕಸುಬುಗಳಲ್ಲಿ ಕಲಿತದ್ದು ಉಳಿಯುತ್ತದೆ. ಮೇಲಿನ ಹಂತದ ಕಸುಬುಗಳಲ್ಲಿ ಕಲಿತದ್ದು ಆ ಕಸುಬಿನಲ್ಲಿ ಇರೋವರೆಗೆ ಮಾತ್ರ. ಜ್ಞಾನಿಯ ಅಂಗಿ ಬಿಚ್ಚಿದರೆ ಜ್ಞಾನವೂ ಹೋಯಿತು.

ಆಟದ ಸಮತೋಲ ನೋಡಿದರೆ ಎರಡನೆಯದೇ ಮೇಲು. ಯಾರಿಗೆ ಯಾವ ಕಸುಬು ಅಂತ ಯೋಚಿಸಬೇಕಾಗುತ್ತದೆ, ನಾಲ್ವರೂ ನಾಲ್ಕು ಥರ ಇರ್ತಾರೆ. ಇದನ್ನು ಒಪ್ಪಿಕೊಂಡೇ ನಾನು ಹಳೆಯ ರೂಪದ ಪಕ್ಷ.

ಕಾರಣ ನಮ್ಮ ಮನೆಯಲ್ಲೇ ಇದೆ. ನನ್ನ ಹೆಂಡತಿ ಮೈಸೂರಿನಲ್ಲಿ ಆರು ವರ್ಷ ಹಲ್ಲಿನ ಡಾಕ್ಟರ್ ಆಗಿದ್ದವಳು. ಇಲ್ಲಿಗೆ ಬಂದ ಮೇಲೆ ಮತ್ತೆ ಪರೀಕ್ಷೆ, ಮತ್ತೆ ಕಾಲೇಜು. ಅದಕ್ಕೆ ಮುಂಚೆ ಎರಡು ವರ್ಷ ಒಂದು ಕ್ಲಿನಿಕ್‌ನಲ್ಲಿ ರಿಸೆಪ್ಷನಿಸ್ಟ್. ಫೋನಿನಲ್ಲಿ ಯಾರೋ ನೋವು ಹೇಳಿಕೊಳ್ಳೋದು ಕೇಳಿದರೆ ಏನಾಗಿರಬಹುದು ಅಂತ ಅವಳಿಗೆ ಅಂದಾಜು ಸಿಗ್ತಿತ್ತು. ಹೇಳೋ ಹಾಗಿರಲಿಲ್ಲ. “ಗುರುವಾರ ಹತ್ತೂವರೆಗೆ ಬರ್ತೀರಾ?” ಅಂತ ಕೇಳಬೇಕಿತ್ತು, ಅಷ್ಟೇ. ಈ ಲೇಖನ ಓದಿ ಹೇಳಿದಾಗ ಅವಳು ಅಂದಳು: “ನಿಯಮ ತಪ್ಪು ಅಂತ ನಾನು ಹೇಳಲ್ಲ ರೀ. ಲೈಸೆನ್ಸ್ ಇಲ್ದೆ ಯಾರ್ ಬೇಕಾದ್ರೂ ಹಲ್ಲು ಕೀಳೋ ಹಾಗಾಗ್ಬಾರ್ದು. ಆದ್ರೆ ಕೈ ಮರೆಯಲ್ಲ.”

ನನ್ನ ವಾದ ಇಷ್ಟೇ. ಯಾವ ಕೆಲಸಕ್ಕೆ ಅನುಮತಿ ಇದೆ ಅನ್ನೋದು ಒಂದು ವಿಷಯ, ಯಾವುದು ಗೊತ್ತಿದೆ ಅನ್ನೋದು ಇನ್ನೊಂದು. 3ಡಿಎಸ್ ರೂಪ ಇವೆರಡನ್ನೂ ಒಂದೇ ಮಾಡಿತು. ನಿಜ ಜೀವನದಲ್ಲಿ ನಿಯಮ ನಮ್ಮ ಕೈ ಕಟ್ಟಬಹುದು, ಮರೆಸೋಕೆ ಆಗಲ್ಲ. ಹಳೆಯ ರೂಪ ಎಲ್ಲರನ್ನೂ ಒಂದೇ ಥರ ಮಾಡಿದರೂ ಯಾರ ದುಡಿಮೆಯನ್ನೂ ಸುಳ್ಳು ಮಾಡಲಿಲ್ಲ. 1988ರಷ್ಟು ಹಿಂದೆಯೇ, ಎಲ್ಲವನ್ನೂ ಅರ್ಧ ಮಾಡಿದ ಆ ಕಠಿಣ ಗುಡಿ ಕೂಡ ಮಂತ್ರಗಳನ್ನು ಮಾತ್ರ ಮುಟ್ಟಿರಲಿಲ್ಲ.

2026ರ ಫೆಬ್ರವರಿಯಲ್ಲಿ ಈ ಆಟದ ಇನ್ನೊಂದು ಹೊಸ ರೂಪ ಬಂತು. ಅದರಲ್ಲಿ ಒಬ್ಬರು ಒಟ್ಟಿಗೆ ಎರಡು ಕಸುಬು ಇಟ್ಟುಕೊಳ್ಳಬಹುದು. ಅದಕ್ಕೆ ಇಟ್ಟ ಹೆಸರು ‘ಮೂನ್‌ಲೈಟಿಂಗ್’. 2022ರಲ್ಲಿ ಬೆಂಗಳೂರಿನ ಐಟಿ ಜಗತ್ತಿನಲ್ಲಿ ಇದೇ ಪದ ಎಬ್ಬಿಸಿದ ಗದ್ದಲ ನೆನಪಿರೋರು ನಗಬಹುದು. ಅಲ್ಲಿ ಕೆಲಸ ಹೋಗುವ ಕಾರಣವಾಗಿದ್ದದ್ದು ಇಲ್ಲಿ ಬಹುಮಾನ. ಇಪ್ಪತ್ತೈದು ವರ್ಷದಲ್ಲಿ ಮೂರು ರೂಪ, ಒಂದೇ ಪ್ರಶ್ನೆಗೆ ಮೂರು ಉತ್ತರ. ಕಸುಬಿಗೂ ಮನುಷ್ಯನಿಗೂ ಏನು ಸಂಬಂಧ ಅನ್ನೋದು ಇದನ್ನು ಮಾಡುವವರಿಗೂ ಇನ್ನೂ ಬಗೆಹರಿದಿಲ್ಲ ಅಂತ ಕಾಣುತ್ತದೆ.

ಅಮ್ಮ ಊರಿಗೆ ಹೊರಡೋ ಹಿಂದಿನ ವಾರ ಮಗಳು ಆಟ ಮುಗಿಸಿದಳು. ಕೊನೆಯಲ್ಲಿ ಆ ಹುಡುಗ ಜಗತ್ತನ್ನು ಉಳಿಸಿ ಮನೆಗೆ ಬರುತ್ತಾನೆ. ಅರಮನೆ ಸೇರೋದಿಲ್ಲ. ಅಪ್ಪನ ದೋಣಿ ಹತ್ತಿ ಮೀನು ಹಿಡಿಯೋಕೆ ಹೋಗುತ್ತಾನೆ. ಬಲೆಯಲ್ಲಿ ಒಂದು ಕಲ್ಲಿನ ಹಲಗೆ ಸಿಗುತ್ತದೆ. ಅದರ ಮೇಲೆ ಎಷ್ಟೋ ಕಾಲದ ಹಿಂದೆ ಕೀಫರ್ ತನ್ನ ಗೆಳೆಯನಿಗೆ ಬರೆದಿಟ್ಟ ಮಾತು.

“ಕೊನೆಗೆ ಅಪ್ಪನ ದೋಣಿಗೇ ಹೋದ್ನಲ್ಲ,” ಅಂದರು ಅಮ್ಮ.

ನನಗೆ ಸ್ವಲ್ಪ ಇರಿಸುಮುರಿಸಾಯಿತು. ನಾನು ಇಷ್ಟು ದಿನ ಕಟ್ಟಿದ ವಾದವನ್ನೆಲ್ಲ ಆಟವೇ ಕೆಡವಿತಾ ಅಂತ. ಮಗಳು ತಲೆ ಎತ್ತದೆ ಹೇಳಿದಳು: “ಅಜ್ಜಿ, ಫಿಶರ್‌ಮನ್ ಅನ್ನೋ ಕ್ಲಾಸೇ ಇಲ್ಲ ಈ ಗೇಮಲ್ಲಿ. ನಾವಿಕ ಇದೆ, ಕಡಲ್ಗಳ್ಳ ಇದೆ. ಇದನ್ನ ಅವನು ಸುಮ್ನೆ ಇಷ್ಟಪಟ್ಟು ಮಾಡ್ತಿದಾನೆ.”

ಅಮ್ಮ ಸ್ವಲ್ಪ ಹೊತ್ತು ಪರದೆ ನೋಡಿದರು. “ಹಾಗಾದ್ರೆ ಸರಿ,” ಅಂದರು. “ಯಾರನ್ನೂ ಕೇಳ್ಬೇಕಾಗಿಲ್ಲ.”